ಒಳಗೆ ಯಾರೂ ಇಲ್ಲ ತಾನೆ?

ಇಸೇರ್ ಹೊಳೆ ದ್ರಾಕ್ ಹೊಳೆಯನ್ನು ಕೂಡುವ ಮೂಲೆಯಲ್ಲಿ
ಬಳೆಯಂಥ ಕಟ್ಟಡ. ರಾತ್ರಿ ಎರಡೂ ಕಾಲು.
ಸುತ್ತಳತೆ ಎಂಟುನೂರ ನಲವತ್ತನಾಲ್ಕು ಮೀಟರ್,
ಸೈಕಲ್ಲಿನಲ್ಲಿ ನನಗೆ ನಾಲ್ಕು ನಿಮಿಷ ಬೇಕು.
ಗೋಡೆಯಾಚೆ ಎಲೆಕ್ಟ್ರಾನುಗಳು
ಸೆಕೆಂಡಿಗೆ ಮೂರೂವರೆ ಲಕ್ಷ ಸುತ್ತು ಹಾಕಿ
ತಿರುವು ತಿರುವಿನಲ್ಲೂ ಬೆಳಕು ಚೆಲ್ಲುತ್ತವೆ,
ಶಾರ್ತ್ರೂಸ್ ಬೆಟ್ಟದಿಂದ ತಡವಾಗಿ ಇಳಿವ ಕಾರು
ದೀಪವನ್ನು ಕಣಿವೆಗೆ ಎರಚಿದ ಹಾಗೆ.

ತೂರುನ್ ಬ್ಯೆರ್ಕೊಸ್, ಟ್ರಾಂಡ್‌ಹೈಮಿನವಳು,
ಮೂರು ದಿನದಿಂದ ನಿದ್ದೆಗೆಟ್ಟವಳು,
ಊರಿಂದ ತಂದ ಗಾಜಿನ ಕೊಳವೆಗಳನ್ನು
ಮೇಣ ಮೆತ್ತಿ ಹಿತ್ತಾಳೆ ಪಿನ್ನಿಗೆ ನಿಲ್ಲಿಸುತ್ತಾಳೆ.
ಕೂದಲಿಗಿಂತ ತುಸು ದಪ್ಪ. ಒಳಗೆ ಬಿಳಿ ಪುಡಿ.
ಮೂರನೆಯದು ಪಟ್ಟೆಂದು ಮುರಿದಾಗ
ತನ್ನ ಭಾಷೆಯಲ್ಲಿ ಏನೋ ಬೈದಳು.
ನನಗೆ ಚೆನ್ನಾಗಿ ಅರ್ಥವಾಯಿತು.

ಜಿಯೋಲೈಟ್ ಎಂದರೆ ಕುದಿವ ಕಲ್ಲು.
ಕಾಯಿಸಿದರೆ ಬುಸುಗುಡುತ್ತ ನೀರು ಬಿಟ್ಟು
ಬರೀ ಗೂಡುಗಳಾಗಿ ಉಳಿಯುವ ಕಲ್ಲು.
ಬಟ್ಟೆ ಒಗೆವ ಪುಡಿಯಲ್ಲೂ ಇದರ ದಾಯಾದಿ ಉಂಟು.
ಈ ಗೂಡುಗಳಿಗೆ ಅವಳು ಬೆಂಜೀನಿನ ಆವಿ ಉಣಿಸಿ,
ಕೊಳವೆಯ ಬಾಯಿ ಕರಗಿಸಿ ಮುಚ್ಚಿ ತಂದಿದ್ದಾಳೆ.

ಸೀಸದ ಕೋಣೆಗೆ ಹೋಗುತ್ತೇನೆ. ನಿಯಮ ಇದೆ:
ಮೂಲೆಯ ಗುಂಡಿ ಒತ್ತಬೇಕು,
ಮೇಜಿನ ಹಿಂದೆ ಬಗ್ಗಿ ನೋಡಬೇಕು,
ಕೂಗಬೇಕು: ಒಳಗೆ ಯಾರೂ ಇಲ್ಲ ತಾನೆ?
ಇಪ್ಪತ್ತೆರಡು ವರ್ಷದಿಂದ ಕೂಗಿದ್ದೇನೆ, ಯಾರೂ ಓಗೊಟ್ಟಿಲ್ಲ.
ಒಮ್ಮೆ ಮಾತ್ರ ಯಾರೋ ಮರೆತ ಜಾಕೆಟ್ಟು
ಕುರ್ಚಿಯಲ್ಲಿ ಹೆಗಲು ಬಾಗಿಸಿ ಕೂತಿತ್ತು,
ಎದೆ ಧಸಕ್ಕೆಂದಿತು.
ಬಾಗಿಲು ಸರಿಯುತ್ತದೆ. ಗಂಟೆ. ಕೆಂಪು ದೀಪ.
ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ
ಒಳಗೆ ಯಾರಿದ್ದಾರೆಂದು ಹುಡುಕುವುದು ನಮ್ಮ ಕಸುಬು.

ಒಂಟಿ ಹರಳಾದರೆ ಚುಕ್ಕಿ ಚುಕ್ಕಿಯಾಗಿ ಮಾತಾಡೀತು.
ಇದು ಪುಡಿ. ಕೋಟಿ ಹರಳು, ಕೋಟಿ ದಿಕ್ಕು,
ಸಂತೆಯ ಗದ್ದಲ.
ಚುಕ್ಕಿಗಳೆಲ್ಲ ಹರಡಿ ಒಂದರೊಳಗೊಂದು ಬಳೆಯಾಗಿ
ಬಳೆ ಕೊಯ್ದಲ್ಲಿ ಗೆರೆ, ಗೆರೆಯ ಮೇಲೆ ಶಿಖರಗಳು.
ಕಿಟಕಿಯಾಚೆ ಬೆಲ್ದೋನ್ ಸಾಲು ಇದ್ದೇ ಇದೆ;
ಹೋಲಿಸಬೇಡ, ಎಂದಳು ತೂರುನ್,
ಬಂದವರೆಲ್ಲ ಅದನ್ನೇ ಹೇಳುತ್ತಾರಂತೆ.

ಖಾಲಿ ಗೂಡಿನ ಲೆಕ್ಕ ಕಟ್ಟಿ, ಕಂಡದ್ದರಿಂದ ಕಳೆದಳು.
ಉಳಿದದ್ದು ಸೋಡಿಯಮ್ಮಿನ ನೆತ್ತಿಯ ಮೇಲೊಂದು ಮೋಡ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ,
ಗೂಡು ಹೊಕ್ಕ ಬೆಂಜೀನು ಈ ಕಟ್ಟೆಗೆ ಬಂದೇ ಬಂದಿದೆ.
ಆರು ಇಂಗಾಲ ಬಿಡಿಯಾಗಿ ಕಾಣವು,
ಕೂತಲ್ಲೇ ಗಿರಗಿರ ತಿರುಗಿ ಕರಗಿ
ಒಂದು ಕೋಡುಬಳೆ.
ನಾಳೆ ತಣ್ಣಗೆ ಮಾಡಿದರೆ ಅಲುಗದೆ ಕೂತೀತು.
ಹೈಡ್ರೋಜನ್ನುಗಳ ಸುಳಿವೇ ಇಲ್ಲ,
ಕ್ಷ-ಕಿರಣಕ್ಕೂ ಬಡವರು ಕಣ್ಣಿಗೆ ಬೀಳುವುದಿಲ್ಲ.

ಎಷ್ಟು ತುಂಬಿದೆ? ಕೇಳಿದೆ.
ಸೊನ್ನೆ ಬಿಂದು ಆರು ಮೂರು.
ನೂರು ಮಣೆ ಹಾಕಿದರೆ ಅರವತ್ತಮೂರಕ್ಕೆ ಜನ.
ಯಾವ ಗೂಡಿಗೂ ಅರೆಬರೆ ನೆಂಟ ಬಂದದ್ದಿಲ್ಲ;
ಪರದೆಯ ಮೇಲಿನ ಮುಖ
ಯಾರದೂ ಅಲ್ಲ.

ಈ ಊರು ಕೈಗವಸಿನ ಊರಾಗಿದ್ದಾಗ
ನನ್ನಜ್ಜಿ ಒದೀಲ್ ಹೊಲಿಯುತ್ತಿದ್ದಳು.
ರಿಪೇರಿಗೆ ಬಂದ ಗವಸನ್ನು ಬೆಳಕಿಗೆ ಹಿಡಿದು,
ಹೆಬ್ಬೆರಳ ಸಂದಿನ ಹಿಗ್ಗು ಸವರಿ ಹೇಳುವಳು:
ಇವಳು ಲಗಾಮು ಹಿಡಿದವಳು.
ಇವಳು ಉಂಗುರ ತೆಗೆದು ವರ್ಷವಾಗಿದೆ.
ಆ ಕೈಗಳನ್ನು ಅವಳು ಕಂಡೇ ಇರಲಿಲ್ಲ.

ನಾಲ್ಕೂ ಮುಕ್ಕಾಲಿಗೆ ತೂರುನ್ ಕರೆದಳು, ಮೆಲ್ಲಗೆ.
ನೋಡು, ಗೂಡೇ ಹಿಗ್ಗಿದೆ.
ದಶಮಾಂಶದ ಮೂರನೆಯ ಮನೆಯಲ್ಲಿ.
ನೆಂಟರಿಗೆ ಜಾಗ ಮಾಡಿಕೊಟ್ಟ ಕಲ್ಲು.
ನಾನು ಅಜ್ಜಿಯ ವಿಷಯ ಹೇಳಲು ಹೋದೆ,
ಅವಳು ಆಗಲೇ ನೋಟ್‌ಬುಕ್ಕಿಗೆ ಬಗ್ಗಿದ್ದಳು.

ಮುಂದಿನ ಕೊಳವೆ. ಬಾಗಿಲು, ಗುಂಡಿ,
ಒಳಗೆ ಯಾರೂ ಇಲ್ಲ ತಾನೆ?
ಹೊರಬಂದು ನೀಲಿ ರಬ್ಬರು ಗವಸು ಕಿತ್ತೆಸೆದೆ,
ಎಲ್ಲ ಕೈಗೂ ಒಂದೇ ಅಳತೆ, ಡಬ್ಬಿಗೆ ನೂರು.
ಕಸದ ಬುಟ್ಟಿಯಲ್ಲಿ ಅದರ ಐದು ಬೆರಳೂ
ಇನ್ನೂ ಅರ್ಧ ಉಬ್ಬಿಕೊಂಡಿದ್ದವು.